ಜಪಾನಿನಲ್ಲಿ ಅಣುಸ್ಥಾವರದ ಹತ್ತಿರ ಮನೆ ಮಾಡಿದ್ದೀರಾ? ಇಷ್ಟು ತಿಳಿದಿರಲಿ

ಜಪಾನಿಗೆ ಬಂದ ಹೊಸದರಲ್ಲಿ ಭೂಕಂಪವಾದರೆ ಏನು ಮಾಡಬೇಕು ಅಂತ ಎಲ್ಲರೂ ಹೇಳಿಕೊಡುತ್ತಾರೆ. ಅಣುಸ್ಥಾವರದಲ್ಲಿ ಅನಾಹುತವಾದರೆ ಏನು ಮಾಡಬೇಕು ಅನ್ನುವ ಮಾತು ಮಾತ್ರ ಬರುವುದೇ ಇಲ್ಲ. ಚಿಕ್ಕ ಮಕ್ಕಳಿರುವ ಮನೆಗಳು ನಮ್ಮಲ್ಲಿ ಜಾಸ್ತಿ. ಹಾಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ನಿಮ್ಮ ಮನೆಯಿಂದ ಸ್ಥಾವರಕ್ಕೆ ಎಷ್ಟು ದೂರ ಅಂತ ನೋಡಿ. ಇಲ್ಲಿ ಎರಡು ವಲಯಗಳಿವೆ. ಸುಮಾರು 5 ಕಿ.ಮೀ. ಒಳಗಿನದು ಪಿಎಝಡ್, ಅಲ್ಲಿಂದ ಸುಮಾರು 30 ಕಿ.ಮೀ.ವರೆಗಿನದು ಯುಪಿಝಡ್. ಇಬರಾಕಿಯ ಮಿತೊ ನಗರ ತೊಕಾಯ್ ಸ್ಥಾವರದ 30 ಕಿ.ಮೀ. ಒಳಗೇ ಇದೆ, ತ್ಸುಕುಬಾ ಹೊರಗಿದೆ. ಫುಕುಯಿಯ ತಕಾಹಾಮಾ ಸ್ಥಾವರದ ವಲಯ ಪಕ್ಕದ ಕ್ಯೋತೊ ಪ್ರಾಂತ್ಯದ ಮಾಯ್ಜುರುವರೆಗೂ ಬರುತ್ತದೆ. ಹೆಸರು ನೋಡಿ ಗಾಬರಿಯಾಗಬೇಡಿ: ಸೆಂದಾಯ್ ಸ್ಥಾವರ ಇರುವುದು ದಕ್ಷಿಣದ ಕಾಗೊಶಿಮಾದಲ್ಲಿ, ಸೆಂದಾಯ್ ನಗರ ಇರುವುದು ಉತ್ತರದ ಮಿಯಾಗಿಯಲ್ಲಿ. "ನಮ್ಮ ಹತ್ತಿರದ್ದು ನಿಂತುಹೋಗಿದೆ, ಭಯವಿಲ್ಲ" ಅಂತಲೂ ಸುಮ್ನೆ ಇರಬೇಡಿ. ಬಳಸಿದ ಇಂಧನ ಸ್ಥಾವರದ ನೀರಿನ ಕೊಳದಲ್ಲಿದ್ದರೆ ಅದು ಬಿಸಿಯಾಗದಂತೆ ತಂಪಾಗಿ ಇಡುತ್ತಲೇ ಇರಬೇಕು.

ತುರ್ತುಸ್ಥಿತಿಗೆ ಮೂರು ಮೆಟ್ಟಿಲುಗಳಿವೆ. ಸ್ಥಾವರವಿರುವ ಊರಿನಲ್ಲಿ ಭೂಕಂಪದ ತೀವ್ರತೆ ಜಪಾನಿನ ಶಿಂದೊ ಅಳತೆಯಲ್ಲಿ (ಆ ಜಾಗದಲ್ಲಿ ನೆಲ ಎಷ್ಟು ಅಲುಗಿತು ಅನ್ನುವ ಅಳತೆ) "6 ಕೆಳಹಂತ" ಮುಟ್ಟಿದರೆ, ಏನೂ ಸೋರದಿದ್ದರೂ, ಮೊದಲ ಎಚ್ಚರಿಕೆ ಬರುತ್ತದೆ. ಎರಡನೆಯ ಹಂತದಲ್ಲಿ 5 ಕಿ.ಮೀ. ಒಳಗಿನ ಹಸುಗೂಸುಗಳು, ಗರ್ಭಿಣಿಯರು, ವಯಸ್ಸಾದವರು, ಕಾಯಿಲೆಯವರು ಹೊರಡಬೇಕು. ಮೂರನೆಯದಕ್ಕೆ ಆ ವಲಯದ ಎಲ್ಲರೂ ಹೊರಡಬೇಕು. ಆಗ 5ರಿಂದ 30 ಕಿ.ಮೀ. ನಡುವಿನವರು ಮಾತ್ರ ಮನೆಯೊಳಗೇ ಇರಬೇಕು.

ನಮ್ಮವರಿಗೆ ಕಷ್ಟವಾಗುವುದು ಇದೇ. ವಿಕಿರಣ ಹೊರಬರುತ್ತಿದೆ ಅಂದಾಗ ಮಕ್ಕಳನ್ನು ಕಟ್ಟಿಕೊಂಡು ಮನೆಯಲ್ಲೇ ಕೂರುವುದಾ? ಹೌದು, ಕೂರಬೇಕು. ಕಾರಣ 2011ರ ಫುಕುಶಿಮಾದಲ್ಲಿದೆ.

ಆ ವರ್ಷ ಮಾರ್ಚ್ 11ರಂದು ಭೂಕಂಪ, ಸುನಾಮಿ ಆಗಿ ದಾಯಿಚಿ ಸ್ಥಾವರದ ವಿದ್ಯುತ್ ಹೋಯಿತು. ಮೂರು ರಿಯಾಕ್ಟರ್‌ಗಳ ಇಂಧನ ಕರಗಿತು. ಅಂದೇ ರಾತ್ರಿ 3 ಕಿ.ಮೀ. ಒಳಗಿನವರಿಗೆ ಊರು ಬಿಡಲು ಹೇಳಿದರು. ಮರುದಿನ ಅದು 10 ಆಯಿತು, ಸಂಜೆಗೆ 20 ಆಯಿತು. ಸ್ಥಾವರದ ಹತ್ತಿರದ ನಮಿಯೆ ಪಟ್ಟಣದ ಸಾವಿರಾರು ಜನ ವಾಯವ್ಯ ದಿಕ್ಕಿನ ತ್ಸುಶಿಮಾಕ್ಕೆ ಹೋದರು. ಮಾರ್ಚ್ 15ರಂದು ಗಾಳಿಯೂ ಅದೇ ದಿಕ್ಕಿಗೆ ತಿರುಗಿತು, ಮಳೆ ಹಿಮದ ಜೊತೆ ವಿಕಿರಣ ಅಲ್ಲೇ ಇಳಿಯಿತು. ಗಾಳಿಯಲ್ಲಿ ವಿಕಿರಣ ಯಾವ ಕಡೆ ಹರಡುತ್ತದೆ ಅಂತ ಅಂದಾಜು ಮಾಡುವ ಸರ್ಕಾರದ ಸ್ಪೀಡಿ ವ್ಯವಸ್ಥೆಯ ಲೆಕ್ಕಗಳು ಆ ಜನರಿಗೆ ಸಮಯಕ್ಕೆ ಸಿಗಲೇ ಇಲ್ಲ. ನನಗೆ ಇಂದಿಗೂ ಸಂಕಟ ತರುವ ಸಂಗತಿ ಇದು. ಇನ್ನೊಂದೆಡೆ, ಆತುರದಲ್ಲಿ ಆಸ್ಪತ್ರೆಗಳಿಂದ ಸಾಗಿಸಿದ ವಯಸ್ಸಾದ ರೋಗಿಗಳಲ್ಲಿ ಹಲವರು ದಾರಿಯಲ್ಲೇ ಪ್ರಾಣ ಬಿಟ್ಟರು.

ಅದಕ್ಕೇ ಈಗ 5 ಕಿ.ಮೀ. ಆಚೆಯವರನ್ನು ವಿಕಿರಣದ ಅಳತೆ ನೋಡಿ ಕಳಿಸುತ್ತಾರೆ. ಅದು ಗಂಟೆಗೆ 500 ಮೈಕ್ರೊಸೀವರ್ಟ್ (ಮೈಗೆ ತಗಲುವ ವಿಕಿರಣದ ಮಾನ) ದಾಟಿದರೆ ತಕ್ಷಣ ಊರು ಬಿಡಬೇಕು. 20 ದಾಟಿದರೆ ಒಂದು ವಾರದೊಳಗೆ. ಟೋಕಿಯೊದಲ್ಲಿ ಮಾಮೂಲಿ ದಿನ ಇದು 0.04ರ ಆಸುಪಾಸು ಇರುತ್ತದೆ. ಎಲ್ಲ ಕಡೆಯ ಅಳತೆಗಳನ್ನು ಅಣು ನಿಯಂತ್ರಣ ಪ್ರಾಧಿಕಾರದ ತಾಣದಲ್ಲಿ ಯಾರು ಬೇಕಾದರೂ ನೋಡಬಹುದು. ವಾಟ್ಸಾಪ್‌ನಲ್ಲಿ ಬಂದ ನಕ್ಷೆ ನಂಬುವ ಮೊದಲು ಅಲ್ಲಿ ನೋಡಿ.

"ಒಕುನಾಯ್ ತಾಯ್ಹಿ" ಅಂತ ಕೇಳಿಸಿದರೆ ಮನೆಯೊಳಗಿರಿ ಅಂತ ಅರ್ಥ. ಬರೀ "ಹಿನಾನ್" ಅಂದರೆ ಜಾಗ ಬಿಡಿ ಅಂತ. ಈ ಎರಡು ಪದ ಬಾಯಿಪಾಠ ಇರಲಿ. ಒಳಗಿರುವಾಗ ಕಿಟಕಿ ಮುಚ್ಚಿ. ಹೊರಗಿನ ಗಾಳಿ ಎಳೆಯುವ ಫ್ಯಾನುಗಳನ್ನೆಲ್ಲ ಆರಿಸಿ. ಇಲ್ಲಿನ ಹೊಸ ಮನೆಗಳಲ್ಲಿ ದಿನವಿಡೀ ಓಡುವ ಫ್ಯಾನ್ ಇರುತ್ತದೆ, ಅದರ ಸ್ವಿಚ್ ಎಲ್ಲಿದೆ ಅಂತ ಇವತ್ತೇ ಹುಡುಕಿಡಿ. ಹೊರಗಿನಿಂದ ಬಂದವರು ಬಟ್ಟೆ ಬದಲಿಸಿ ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಲಿ, ಕೈ ಮುಖ ತೊಳೆಯಲಿ. ಭೂಕಂಪದಲ್ಲಿ ಮನೆಯೇ ಬಿರುಕು ಬಿಟ್ಟಿದ್ದರೆ ಅಲ್ಲಿ ಕೂರಬೇಡಿ, ಹತ್ತಿರದ ಆಶ್ರಯ ಕೇಂದ್ರಕ್ಕೆ ಹೋಗಿ. 2024ರ ಜನವರಿ 1ರ ನೊತೊ ಭೂಕಂಪದಲ್ಲಿ ಶಿಕಾ ಸ್ಥಾವರದ ಸುತ್ತಲ ಊರುಗಳಲ್ಲಿ ಮನೆಗಳೂ ಕುಸಿದವು, ರಸ್ತೆಗಳೂ ಕಡಿದುಹೋದವು.

ಅಯೋಡಿನ್ ಮಾತ್ರೆ ಬಗ್ಗೆ ತಪ್ಪು ತಿಳಿವಳಿಕೆ ಜಾಸ್ತಿ. ಅದು ವಿಕಿರಣಶೀಲ ಅಯೋಡಿನ್ ಥೈರಾಯ್ಡ್‌ನಲ್ಲಿ ಸೇರದಂತೆ ತಡೆಯುತ್ತದೆ, ಅಷ್ಟೇ. ಸೀಸಿಯಂ ಅನ್ನುವ ಇನ್ನೊಂದು ವಿಕಿರಣಶೀಲ ವಸ್ತುವಿಗೆ ಉಪಯೋಗವಿಲ್ಲ. 5 ಕಿ.ಮೀ. ಒಳಗಿನವರಿಗೆ ಮೊದಲೇ ಹಂಚುತ್ತಾರೆ. ಆಚೆಯವರಿಗೆ ಸಾಮಾನ್ಯವಾಗಿ ಬೇಕಾದಾಗ ಕೊಡುತ್ತಾರೆ. 13 ವರ್ಷ ದಾಟಿದವರಿಗೆ ಎರಡು, 3ರಿಂದ 12ರವರಿಗೆ ಒಂದು, ಇನ್ನೂ ಚಿಕ್ಕವರಿಗೆ ಜೆಲ್ಲಿ. ಸೂಚನೆ ಬರುವ ಮೊದಲು ನುಂಗಬೇಡಿ, ಬೇಗ ನುಂಗಿದರೆ ಅದರ ಶಕ್ತಿ ಸುಮ್ನೆ ವ್ಯರ್ಥವಾಗುತ್ತದೆ. ಬಾಯಿ ಮುಕ್ಕಳಿಸುವ ಅಯೋಡಿನ್ ಔಷಧಿಯನ್ನಂತೂ ಕುಡಿಯಲೇಬಾರದು.

ನಲ್ಲಿ ನೀರಿನ ಸುದ್ದಿಗೂ ಕಿವಿಗೊಡಿ. 2011ರ ಮಾರ್ಚ್ 23ರಂದು ದೂರದ ಟೋಕಿಯೊದ ಒಂದು ನೀರು ಶುದ್ಧೀಕರಣ ಘಟಕದಲ್ಲೂ ಕಿಲೋ ನೀರಿಗೆ 210 ಬೆಕರೆಲ್ (ವಿಕಿರಣಶೀಲತೆಯ ಮಾನ) ವಿಕಿರಣಶೀಲ ಅಯೋಡಿನ್ ಸಿಕ್ಕಿದ್ದು ಪ್ರಕಟವಾಯಿತು. ಹಸುಗೂಸುಗಳಿಗೆ ಆಗಿನ ಮಿತಿ 100. ಮರುದಿನವೇ ಮಟ್ಟ ಇಳಿಯಿತು. ಆದರೂ ಮಗುವಿರುವ ಮನೆಯಲ್ಲಿ ಬಾಟಲಿ ನೀರು ಇರಲಿ.

ಕೊನೆಯದಾಗಿ, ಒಂದು ದಿನ ಬಿಡುವು ಮಾಡಿಕೊಂಡು ನಗರಸಭೆ ಕಚೇರಿಗೆ, ಅಂದರೆ ಶಿಯಾಕುಶೊಗೆ ಹೋಗಿ. ಅಲ್ಲಿ "ಹಿನಾನ್ ಸಾಕಿ ವಾ ದೊಕೊ ದೆಸುಕಾ" ಅಂತ ಕೇಳಿ. ನಿಮ್ಮ ಬಡಾವಣೆಯವರನ್ನು ಯಾವ ಊರಿಗೆ ಕಳಿಸುತ್ತಾರೆ ಅಂತ ಹೇಳುತ್ತಾರೆ. ಮಕ್ಕಳ ಶಾಲೆಯಲ್ಲೂ ವಿಚಾರಿಸಿ: ಶಾಲೆಯ ಹೊತ್ತಿನಲ್ಲಿ ಹೀಗಾದರೆ ನಾವು ಬಂದು ಕರೆದುಕೊಂಡು ಹೋಗಬೇಕಾ, ಇಲ್ಲ ನೀವೇ ಬಸ್ಸಿನಲ್ಲಿ ಕಳಿಸುತ್ತೀರಾ?