ಹಳೆ ಡಾಟ್ಸನ್‌ಗೆ ಐದನೇ ಗೇರ್: ಒಂದೇ ಬಾಕ್ಸ್ ಎರಡು ಸಲ ಏರಿಸಿದ ಕಥೆ

ನನ್ನ ಹತ್ತಿರ ಇರುವುದು 1972ರ ಡಾಟ್ಸನ್ 240ಝಡ್, ಜಪಾನಿನ ಹಳೇ ಸ್ಪೋರ್ಟ್ಸ್ ಕಾರು. ಆರು ಸಿಲಿಂಡರಿನ 2,393 ಸಿಸಿ ಇಂಜಿನ್ ಇವತ್ತಿಗೂ ಗಟ್ಟಿಯಾಗಿದೆ. ಆದರೆ ಗೇರ್ ನಾಲ್ಕೇ. 100 ಕಿ.ಮೀ. ವೇಗದಲ್ಲಿ ಹೋಗುವಾಗ ಇಂಜಿನ್ 2,900 ಆರ್‌ಪಿಎಂ ಹತ್ತಿರ ಇರುತ್ತದೆ, ಕೈ ತಾನಾಗಿಯೇ ಇನ್ನೊಂದು ಗೇರ್ ಹುಡುಕುತ್ತದೆ. ಮೇಲಾಗಿ ಎರಡನೇ ಗೇರಿನ ಸಿಂಕ್ರೊ (ಗೇರ್ ಬೀಳುವಾಗ ವೇಗ ಹೊಂದಿಸುವ ರಿಂಗ್) ಸವೆದು, ಹಾಕಿದಾಗಲೆಲ್ಲ ಕರ್‌ ಅನ್ನುತ್ತಿತ್ತು. ಹೇಗೂ ಗೇರ್‌ಬಾಕ್ಸ್ ಇಳಿಸಬೇಕು, ಐದು ಗೇರಿನದನ್ನೇ ಹಾಕಿಬಿಡೋಣ ಅಂದುಕೊಂಡೆ.

ಇದೇ ವಂಶದ 280ಝಡ್‌ಎಕ್ಸ್‌ನಿಂದ ತೆಗೆದ ಸೆಕೆಂಡ್ ಹ್ಯಾಂಡ್ ಬಾಕ್ಸ್ ಒಂದು ಸಿಕ್ಕಿತು. ಇಲ್ಲೊಂದು ಎಚ್ಚರ ಬೇಕು. 1977–78ರ 280ಝಡ್ ಬಾಕ್ಸಿನಲ್ಲಿ ಐದನೇ ಗೇರ್ ಅನುಪಾತ (ಬಾಕ್ಸಿನ ಹಿಂದಿನ ಶಾಫ್ಟ್ ಒಂದು ಸುತ್ತು ಬರಲು ಇಂಜಿನ್ ತಿರುಗಬೇಕಾದ ಸುತ್ತು) 0.864. 1981–83ರ ಝಡ್‌ಎಕ್ಸ್‌ನದು 0.745. ಹೊರಗಿನಿಂದ ನೋಡಿದರೆ ನನಗಂತೂ ಎರಡೂ ಒಂದೇ. ನನಗೆ ಬೇಕಿದ್ದದ್ದು ಎರಡನೆಯದು. ಮಾರುವವರ ಮಾತು ಹಾಗಿರಲಿ ಅಂತ ಎರಡೂ ತುದಿಯ ಶಾಫ್ಟಿಗೆ ಬಿಳಿ ಗುರುತು ಹಾಕಿ, ಐದನೇ ಗೇರಿಗೆ ತಳ್ಳಿ, ಮುಂದಿನ ಶಾಫ್ಟನ್ನು ಕೈಯಲ್ಲೇ ಮೂರು ಸುತ್ತು ತಿರುಗಿಸಿದೆ. ಹಿಂದಿನದು ಹೆಚ್ಚುಕಮ್ಮಿ ಸರಿಯಾಗಿ ನಾಲ್ಕು ಸುತ್ತು ಬಂತು. 0.864 ಆಗಿದ್ದರೆ ಮೂರೂವರೆಗೇ ನಿಲ್ಲುತ್ತಿತ್ತು.

ಆಯಿಲ್ ಇಳಿಸುವ ಮುಂಚೆ ಪಕ್ಕದಲ್ಲಿರುವ ತುಂಬಿಸುವ ಬೋಲ್ಟ್ ಬಿಚ್ಚಿ ನೋಡಿ. ಅದು ಕಚ್ಚಿಕೊಂಡಿದ್ದರೆ ಖಾಲಿ ಬಾಕ್ಸ್ ಇಟ್ಟುಕೊಂಡು ಒದ್ದಾಡಬೇಕಾಗುತ್ತದೆ. ಇಳಿದ ಆಯಿಲಿನಲ್ಲಿ ಬೂದು ಬಣ್ಣದ ನುಣುಪು ಪುಡಿ ಇತ್ತು, ಅದು ಮಾಮೂಲಿ. ಬೆರಳಿಗೆ ಸಿಗುವ ಚೂರು ಇರಲಿಲ್ಲ. ಮುಂದಿನ, ಹಿಂದಿನ ಆಯಿಲ್ ಸೀಲ್ ಎರಡನ್ನೂ ಹೊಸದು ಹಾಕಿದೆ. ಗೇರ್ ಲಿವರಿನ ಬುಡದ ಪ್ಲಾಸ್ಟಿಕ್ ಬುಷ್ ಕೂಡ ಬದಲಾಯಿಸಿದೆ. ಈ ಗಾಡಿಗಳಲ್ಲಿ ಲಿವರ್ ಸೌಟಿನ ಹಾಗೆ ಅಲ್ಲಾಡುತ್ತಿದ್ದರೆ ಮೊದಲು ನೋಡಬೇಕಾದ್ದು ಆ ಬುಷ್‌ಗಳನ್ನೇ.

ಹಳೇದನ್ನು ಇಳಿಸಲು ಒಂದು ದಿನ ಹಿಡಿಯಿತು. ಪ್ರೊಪೆಲರ್ ಶಾಫ್ಟ್ (ಬಾಕ್ಸಿನಿಂದ ಹಿಂದಿನ ಚಕ್ರಗಳ ಕಡೆ ಶಕ್ತಿ ಒಯ್ಯುವ ದಂಡ) ಎಳೆದ ಕೂಡಲೇ ಬಾಕ್ಸಿನ ಬಾಲದಿಂದ ಆಯಿಲ್ ಸುರಿಯುತ್ತದೆ, ಪ್ಲಾಸ್ಟಿಕ್ ಚೀಲ ಕಟ್ಟಿ. ಕಾರು ಸ್ಟ್ಯಾಂಡಿನ ಮೇಲೇ ಇರಬೇಕು. ಬರೀ ಜ್ಯಾಕ್ ನಂಬಿ ಕೆಳಗೆ ಹೋಗಲೇಬೇಡಿ.

ಇಂಜಿನ್ನಿನ ಕ್ರ್ಯಾಂಕ್ ಶಾಫ್ಟಿನ ತುದಿಯ ಪೈಲಟ್ ಬುಷ್ (ಬಾಕ್ಸಿನ ಮುಂದಿನ ಶಾಫ್ಟಿನ ತುದಿ ಕೂರುವ ಚಿಕ್ಕ ಬಳೆ) ತೆಗೆದದ್ದು ಮಾತ್ರ ಖುಷಿಯ ಕೆಲಸ. ತೂತಿಗೆ ಗ್ರೀಸ್ ತುಂಬಿಸಿ, ಅಳತೆಗೆ ಸರಿಯಾದ ಕಬ್ಬಿಣದ ಕಡ್ಡಿ ಇಟ್ಟು ಸುತ್ತಿಗೆಯಲ್ಲಿ ಬಡಿದೆ. ಗ್ರೀಸಿಗೆ ಹೋಗಲು ಜಾಗ ಇಲ್ಲ, ಬುಷ್ಷನ್ನೇ ಹಿಂದಿನಿಂದ ತಳ್ಳಿಕೊಂಡು ಬಂತು. ಮುಖಕ್ಕೂ ಸ್ವಲ್ಪ ಬಂತು ಅನ್ನಿ.

ಇಲ್ಲಿಯವರೆಗೆ ಎಲ್ಲಾ ಸರಿ. ಕ್ಲಚ್ ಡಿಸ್ಕ್, ಅದನ್ನು ಫ್ಲೈವೀಲಿಗೆ (ಇಂಜಿನ್ನಿನ ಹಿಂದಿನ ಭಾರದ ಚಕ್ರ) ಒತ್ತಿ ಹಿಡಿಯುವ ಪ್ರೆಶರ್ ಪ್ಲೇಟ್ ನನ್ನ ಕಾರಿಗೆ ಸೇರಿದ 225 ಮಿ.ಮೀ. ಅಳತೆಯದ್ದನ್ನೇ ಹೊಸದಾಗಿ ಹಾಕಿದೆ. ರಿಲೀಸ್ ಬೇರಿಂಗ್ (ಕ್ಲಚ್ ತುಳಿದಾಗ ಪ್ರೆಶರ್ ಪ್ಲೇಟನ್ನು ಒತ್ತುವುದು ಇದೇ) ಕೂರುವ ಕಾಲರ್ ಬಾಕ್ಸಿನ ಜೊತೆಗೇ ಬಂದಿತ್ತು. ಚೆನ್ನಾಗೂ ಇತ್ತು, ಅದನ್ನೇ ಉಳಿಸಿಕೊಂಡೆ. ಸುಮಾರು 35 ಕೆ.ಜಿ. ಬಾಕ್ಸನ್ನು ಗೆಳೆಯನ ಜೊತೆ ಸೇರಿ ಏರಿಸಿ, ಎಲ್ಲಾ ಬಿಗಿದು, ಇಂಜಿನ್ ಶುರು ಮಾಡಿ ಕ್ಲಚ್ ತುಳಿದರೆ ಯಾವ ಗೇರೂ ಬೀಳುತ್ತಿಲ್ಲ! ಗಾಳಿ ಸೇರಿರಬೇಕು ಅಂತ ಕ್ಲಚ್ ಲೈನನ್ನು ಮೂರು ಸಲ ಬ್ಲೀಡ್ ಮಾಡಿದೆ. ಆ ಲೈನಿನ ಒತ್ತಡದಿಂದ ಕ್ಲಚ್ ತಳ್ಳುವ ಸ್ಲೇವ್ ಸಿಲಿಂಡರ್ ಮೇಲೂ ಅನುಮಾನ ಬಂತು. ಸುಮ್ನೆ ಒಂದು ವಾರ ಹೋಯಿತು.

ತಪ್ಪು ಕಾಲರಿನದು. ಕಾಲರ್ ಹೊಂದಬೇಕಾದ್ದು ಗೇರ್‌ಬಾಕ್ಸಿಗಲ್ಲ, ಪ್ರೆಶರ್ ಪ್ಲೇಟಿಗೆ. ಬೇರೆ ಬೇರೆ ಪ್ರೆಶರ್ ಪ್ಲೇಟಿನ ಎತ್ತರ ಬೇರೆ, ಅದಕ್ಕೆ ತಕ್ಕಂತೆ ಕಾಲರಿನ ಉದ್ದವೂ ಬೇರೆ. ಬಾಕ್ಸಿನ ಜೊತೆ ಬಂದದ್ದು ನನ್ನ ಪ್ಲೇಟಿಗೆ ಗಿಡ್ಡ. ಫೋರ್ಕ್ (ಕಾಲರನ್ನು ಮುಂದಕ್ಕೆ ದೂಡುವ ಕವೆ) ತಳ್ಳುತ್ತಿತ್ತು, ಆದರೆ ಪ್ಲೇಟಿನ ಬೆರಳುಗಳನ್ನು (ನಡುವಿನ ಸ್ಪ್ರಿಂಗ್ ಪಟ್ಟಿಗಳು) ಪೂರ್ತಿ ಒತ್ತುವಷ್ಟರಲ್ಲಿ ಅದರ ಓಟ ಮುಗಿದುಹೋಗುತ್ತಿತ್ತು. ಈ ಕಾರುಗಳಲ್ಲಿ ಕೆಲಸ ಮಾಡುವವರ ಬಾಯಲ್ಲಿ ಒಂದು ಲೆಕ್ಕ ಇದೆ. ಪ್ಲೇಟ್ ಬಿಗಿದ ಮೇಲೆ ಬೇರಿಂಗ್ ಸಮೇತ ಕಾಲರನ್ನು ಅದರ ಬೆರಳುಗಳ ಮೇಲೆ ಇಡಿ. ಫ್ಲೈವೀಲ್ ಮುಖದಿಂದ, ಕಾಲರಿನಲ್ಲಿ ಫೋರ್ಕ್ ಒತ್ತುವ ಜಾಗದವರೆಗೆ 92 ಮಿ.ಮೀ. ಆಸುಪಾಸು ಬರಬೇಕು. ಅಳೆಯಲು ಎರಡು ನಿಮಿಷ ಸಾಕು. ನಾನು ಅಳೆದದ್ದು ಬಾಕ್ಸ್ ಮತ್ತೆ ಇಳಿಸಿದ ಮೇಲೆ. ಹಳೆ ಬಾಕ್ಸಿನ ಕಾಲರ್ ಬಿಚ್ಚಿ, ಹೊಸ ಬೇರಿಂಗ್ ಒತ್ತಿ ಕೂರಿಸಿದೆ. ಲೆಕ್ಕಕ್ಕೆ ಸರಿಯಾಗಿ ಬಂತು. ಎರಡನೇ ಸಲ ಏರಿಸುವಾಗ ಗೆಳೆಯ ಏನೂ ಮಾತಾಡಲಿಲ್ಲ, ಅದೇ ಜಾಸ್ತಿ ನಾಟಿತು.

ಆಯಿಲ್ ಜಿಎಲ್‌-4 ದರ್ಜೆಯದ್ದೇ ಹಾಕಿ. ಡಿಫರೆನ್ಶಿಯಲ್‌ಗೆ (ಹಿಂದಿನ ಚಕ್ರಗಳ ನಡುವಿನ ಗೇರ್ ಪೆಟ್ಟಿಗೆ) ಹಾಕುವ ಜಿಎಲ್‌-5ರಲ್ಲಿ ಗಂಧಕ–ರಂಜಕದ ಸೇರ್ಪಡೆ ಜಾಸ್ತಿ. ಅದು ಹಿತ್ತಾಳೆಯ ಸಿಂಕ್ರೊ ರಿಂಗುಗಳಿಗೆ ಒಗ್ಗುವುದಿಲ್ಲ.

ಈಗ ಅದೇ 100 ಕಿ.ಮೀ. ವೇಗಕ್ಕೆ 2,150 ಆರ್‌ಪಿಎಂ ಸಾಕು. ಅಕ್ಕಪಕ್ಕ ಕೂತವರು ಮಾತಾಡಬಹುದು. ಮೊದಲನೇ ಗೇರ್ ಮಾತ್ರ ಹಳೇದಕ್ಕಿಂತ ಉದ್ದ (ಅಂದರೆ ಎಳೆಯುವ ಬಲ ಕಡಿಮೆ), ಹಳೇದು 3.592, ಇದು 3.062. ಏರಿನಲ್ಲಿ ನಿಂತು ಹೊರಡುವಾಗ ಕ್ಲಚ್ ಸ್ವಲ್ಪ ಹೆಚ್ಚು ಹೊತ್ತು ಹಿಡಿಯಬೇಕು. ಡಿಫರೆನ್ಶಿಯಲ್ 3.364ರ ಬದಲು 3.9ರದ್ದು ಹಾಕಿದರೆ ಅದೂ ಸರಿಹೋಗುತ್ತದೆ. ಆದರೆ ಹಾಗೆ ಮಾಡಿದರೆ ಸ್ಪೀಡೋಮೀಟರಿನ ಚಿಕ್ಕ ಗೇರಿಗೂ ಬೇರೆ ಹಲ್ಲಿನ ಲೆಕ್ಕ ನೋಡಬೇಕು. ಗೆಳೆಯನಿಗೆ ಇನ್ನೂ ಹೇಳಿಲ್ಲ.