ಪುಣೆಯಲ್ಲಿ ಮೊದಲ ಸಾಫ್ಟ್‌ವೇರ್ ಕೆಲಸ: ಸಿದ್ಧತೆ ಹೇಗೆ?

ಬೆಳಗಾವಿ, ವಿಜಯಪುರ, ಕಲಬುರಗಿ ಕಡೆಯಿಂದ ಪದವಿ ಮುಗಿಸಿ ಪುಣೆಗೆ ಬರುವ ಅನೇಕರು ಮೊದಲು ಪಿ.ಜಿ. ಕೋಣೆಯನ್ನೂ ನಂತರ ತರಬೇತಿ ಕ್ಲಾಸನ್ನೂ ಹುಡುಕುತ್ತಾರೆ. ಪುಣೆಯ ಐಟಿ ಪ್ರದೇಶಗಳಾದ ಹಿಂಜವಡಿ ಹಾಗೂ ಖರಾಡಿಯ ಅನೇಕ ಕಂಪನಿಗಳು ಹೊಸಬರಿಗೆ ಮೊದಲ ಪರೀಕ್ಷೆಯನ್ನು ಆನ್‌ಲೈನಿನಲ್ಲೇ ನಡೆಸುವುದರಿಂದ, ಆರಂಭದ ಸಿದ್ಧತೆಯನ್ನು ಊರಿನಲ್ಲೇ ಮಾಡಿಕೊಂಡು ಬಾಡಿಗೆ ಉಳಿಸುವುದು ಮೇಲು.

ಮೊದಲು ನಿಮ್ಮ ಅಂಕಪಟ್ಟಿಗಳನ್ನು ನೋಡಿಕೊಳ್ಳಿ. ಬೇರೆ ಸಂಸ್ಥೆಗಳಿಗೆ ಸಾಫ್ಟ್‌ವೇರ್ ಕೆಲಸ ಮಾಡಿಕೊಡುವ ದೊಡ್ಡ ಸೇವಾ ಕಂಪನಿಗಳು ಹತ್ತನೆಯ ತರಗತಿಯಿಂದ ಪದವಿಯವರೆಗೆ ಶೇ 60 ಅಂಕ ಕೇಳುವುದು ಸಾಮಾನ್ಯ. ಕಡಿಮೆ ಇದ್ದವರು ಸಣ್ಣ ಕಂಪನಿಗಳತ್ತ ಗಮನ ಹರಿಸಬೇಕು.

ಬಳಿಕ ಜಾವಾ ಅಥವಾ ಪೈಥಾನ್, ಈ ಎರಡು ಪ್ರೋಗ್ರಾಮಿಂಗ್ ಭಾಷೆಗಳಲ್ಲಿ ಒಂದನ್ನೇ ಹಿಡಿದು, ಡೇಟಾ ಸ್ಟ್ರಕ್ಚರ್ (ಮಾಹಿತಿಯನ್ನು ಜೋಡಿಸಿಡುವ ವಿಧಾನಗಳು) ಮತ್ತು ಎಸ್‌ಕ್ಯೂಎಲ್ (ಡೇಟಾಬೇಸಿನಿಂದ ಮಾಹಿತಿ ಪಡೆಯುವ ಭಾಷೆ) ಜೊತೆಗೆ ಕಲಿಯಿರಿ.

ಮೂರನೆಯ ಹೆಜ್ಜೆಯಾದ ಪ್ರಾಜೆಕ್ಟ್‌ಗೆ ಅತಿ ಹೆಚ್ಚು ಸಮಯ ಕೊಡಿ. ಕ್ಲಾಸಿನಲ್ಲಿ ಎಲ್ಲರಿಗೂ ಹಂಚುವ ಸಿದ್ಧ ಪ್ರಾಜೆಕ್ಟನ್ನು ಸಂದರ್ಶಕರು ಕೂಡಲೇ ಗುರುತಿಸುತ್ತಾರೆ. ಅದರ ಬದಲು ಮನೆಯ ಕಿರಾಣಿ ಅಂಗಡಿಯ ಉದ್ರಿ ಲೆಕ್ಕವನ್ನೇ ತೆಗೆದುಕೊಳ್ಳಿ: ಒಬ್ಬ ಗಿರಾಕಿ ಕೊಟ್ಟ ಹಣವನ್ನು ಇಬ್ಬರು ಒಂದೇ ಕ್ಷಣದಲ್ಲಿ ನಮೂದಿಸಿದರೆ ಬಾಕಿ ತಪ್ಪಾಗದಂತೆ ನೋಡಿಕೊಳ್ಳುವುದು ಹೇಗೆ ಎಂಬ ಪ್ರಶ್ನೆ ಎದುರಾದಾಗಲೇ ಡೇಟಾಬೇಸ್ ಟ್ರಾನ್ಸಾಕ್ಷನ್ (ಹಲವು ಬದಲಾವಣೆಗಳನ್ನು ಪೂರ್ತಿಯಾಗಿ ಮಾಡುವ ಅಥವಾ ಏನನ್ನೂ ಮಾಡದೆ ಬಿಡುವ ವ್ಯವಸ್ಥೆ) ಏಕೆ ಬೇಕೆಂಬುದು ನಿಜವಾಗಿ ಅರ್ಥವಾಗುತ್ತದೆ. ದಿನದ ಕೆಲಸವನ್ನು ಕೋಡ್ ಇಡುವ ಜಾಲತಾಣವಾದ ಗಿಟ್‌ಹಬ್‌ಗೆ ಸೇರಿಸುತ್ತಾ ಹೋಗಿ. ಪ್ರತಿ ಸಾಲನ್ನೂ ಬಾಯಿಬಿಟ್ಟು ವಿವರಿಸುವ ಅಭ್ಯಾಸ ಮಾಡಿ. ತಾನೇ ಬರೆದ ಕೋಡನ್ನು ವಿವರಿಸಲಾಗದೆ ಹಿಂದಿರುಗುವ ಬುದ್ಧಿವಂತ ಮಕ್ಕಳನ್ನು ಕಂಡಾಗ ನಿಜಕ್ಕೂ ಸಂಕಟವಾಗುತ್ತದೆ.

ಇನ್ನು ಪ್ರವೇಶದ ದಾರಿಗಳು. ಟಿಸಿಎಸ್ ಕಂಪನಿಯು ಹೊಸಬರ ಆಯ್ಕೆಗೆ ಎನ್‌ಕ್ಯೂಟಿ ಎಂಬ ಪರೀಕ್ಷೆ ನಡೆಸುತ್ತದೆ. ವಿಪ್ರೊದ ವಿಲ್ಪ್ ಯೋಜನೆ ಬಿಸಿಎ, ಬಿಎಸ್‌ಸಿ ಓದಿದವರಿಗೆ ಕೆಲಸದ ಜೊತೆಗೆ ಎಂ.ಟೆಕ್ ಓದಿಸುತ್ತದೆ. ಇಂಜಿನಿಯರಿಂಗ್ ಅಥವಾ ಎಂಸಿಎ ಆದವರಿಗೆ, 1988ರಲ್ಲಿ ಸ್ಥಾಪನೆಯಾಗಿ ಪುಣೆಯಲ್ಲೇ ಕೇಂದ್ರ ಕಚೇರಿ ಹೊಂದಿರುವ ಸರ್ಕಾರಿ ಸಂಸ್ಥೆ ಸಿ-ಡ್ಯಾಕ್‌ನ, ಪಿಜಿ-ಡ್ಯಾಕ್ ಎಂದು ಹೆಸರಾದ ಸ್ನಾತಕೋತ್ತರ ಕಂಪ್ಯೂಟಿಂಗ್ ಕೋರ್ಸ್ ಇದೆ. ಇದರ ಪ್ರವೇಶ ಪರೀಕ್ಷೆಯಾದ ಸಿ-ಕ್ಯಾಟ್‌ನಲ್ಲಿ ಸರಿಯುತ್ತರಕ್ಕೆ 3 ಅಂಕ ಸಿಗುತ್ತದೆ, ತಪ್ಪಿಗೆ 1 ಅಂಕ ಕಳೆಯುತ್ತದೆ. ಆದ್ದರಿಂದ ಊಹೆಯ ಮೇಲೆ ಗುರುತು ಹಾಕಬೇಡಿ.

ಹಣ ಕೊಟ್ಟರೆ ಕೆಲಸ ಕೊಡಿಸುತ್ತೇವೆ ಎನ್ನುವವರನ್ನು ನಂಬಬೇಡಿ. ಬಾಂಡ್ (ಇಷ್ಟು ಕಾಲ ಕೆಲಸ ಬಿಡುವುದಿಲ್ಲ, ಬಿಟ್ಟರೆ ಹಣ ಕಟ್ಟುತ್ತೇನೆ ಎಂಬ ಕರಾರು) ಇದ್ದರೆ ಅವಧಿ ಮತ್ತು ಮೊತ್ತವನ್ನು ಸಹಿಗೆ ಮುನ್ನವೇ ಓದಿ, ಮೂಲ ಅಂಕಪಟ್ಟಿಗಳನ್ನು ಯಾರ ಬಳಿಯೂ ಒತ್ತೆಯಿಡಬೇಡಿ.

ಪುಣೆಯಲ್ಲಿ ಕೆಲಸದಲ್ಲಿರುವ ನಮ್ಮ ಕಡೆಯವರಿಂದ ರೆಫರಲ್ (ಅವರ ಕಂಪನಿಗೆ ನಿಮ್ಮ ಹೆಸರಿನ ಶಿಫಾರಸು) ಕೇಳುವಾಗ "ಏನಾದರೂ ಇದ್ದರೆ ಹೇಳಿ ಅಣ್ಣಾ" ಎಂದು ಬಿಡದೆ, ಕಂಪನಿಯ ಜಾಲತಾಣದಲ್ಲಿ ಹುದ್ದೆಯನ್ನು ನೀವೇ ಹುಡುಕಿ, ಅದರ ಜಾಬ್ ಐಡಿ (ಹುದ್ದೆಯ ಗುರುತು ಸಂಖ್ಯೆ) ಮತ್ತು ಒಂದು ಪುಟದ ರೆಸ್ಯೂಮೆಯನ್ನು ಒಟ್ಟಿಗೆ ಕಳುಹಿಸಿ.