ಮಂಗ ಸತ್ತರೆ ಮೊದಲು ಯಾರಿಗೆ ಫೋನ್?

ಹಾನಗಲ್ಲ ತಾಲೂಕಿನ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ನಾನು ವೈದ್ಯಾಧಿಕಾರಿ. ಹೊಸ ಸೋಂಕುಗಳಿಗೆ ಸಜ್ಜಾಗಿರಿ ಎಂದು ಸುತ್ತೋಲೆ ಬರುತ್ತಲೇ ಇರುತ್ತದೆ. ಹಾಸಿಗೆ, ಆಕ್ಸಿಜನ್ ಲೆಕ್ಕ ಬರೆದು ಕಳಿಸುವುದು ಸುಲಭ. ಇನ್ನೂ ಹೆಸರೇ ಇಲ್ಲದ ಕಾಯಿಲೆಗೆ ಸಜ್ಜಾಗುವುದು ಹೇಗೆ? ಆಶಾ ಕಾರ್ಯಕರ್ತೆಯರ ಸಭೆಯಲ್ಲಿ ಹಳೆಯ ಕಾಯಿಲೆಗಳ ಕಥೆಯನ್ನೇ ಹೆಸರು ಮುಚ್ಚಿಟ್ಟು ಹೇಳತೊಡಗಿದೆ. ನಡುನಡುವೆ ನಿಲ್ಲಿಸಿ, "ಈಗ ನೀವೇನ್ ಮಾಡ್ತೀರಿ?" ಅಂತ ಕೇಳುವುದು.

ಮೊದಲು ತೆಗೆದುಕೊಂಡದ್ದು 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಕಾಣಿಸಿಕೊಂಡ ಮಂಗನ ಕಾಯಿಲೆ. ನಮ್ಮ ಪಕ್ಕದ ಸೊರಬ ತಾಲೂಕಿನದೇ. "ಕಾಡಂಚಿನ ಊರು, ಮಂಗ್ಯಾ ಸಾಯಾಕ ಹತ್ಯಾವ" ಅನ್ನುತ್ತಿದ್ದಂತೆ ಹಿರಿಯ ಆಶಾ ಒಬ್ಬರು ತಡೆದರು: "ಸತ್ರ ಹಂಗ ಬಿಡಂಗಿಲ್ರೀ ಸಾಹೇಬ್ರ, ಹನಮಪ್ಪ ಅಲ್ಲೇನ್ರೀ? ಹಲಗಿ ಬಾರಿಸಿ, ಹೂವು ಹಾಕಿ, ಮಣ್ಣು ಮಾಡ್ತೀವ್ರಿ."

ನಾನು ಓದಿದ ಯಾವ ಮಾರ್ಗಸೂಚಿಯಲ್ಲೂ ಈ ಹಲಗಿ ಇರಲಿಲ್ಲ. ಮಂಗನ ಕಾಯಿಲೆ ಮನುಷ್ಯರಿಂದ ಮನುಷ್ಯರಿಗೆ ಹರಡದು, ರಕ್ತ ಹೀರುವ ಉಣ್ಣೆ ಹುಳ ಕಚ್ಚಿದರೆ ಬರುತ್ತದೆ. ಸತ್ತ ಮಂಗನ ಮೈ ತಣ್ಣಗಾದಂತೆ ಉಣ್ಣೆಗಳು ಕೆಳಗಿಳಿದು ಬೇರೆ ಮೈ ಹುಡುಕುತ್ತವೆ. ಹಾರ ಹಾಕಲು ಬಗ್ಗುವವರು ಸರಿಯಾಗಿ ಅಲ್ಲೇ ನಿಂತಿರುತ್ತಾರೆ! ಮಣ್ಣು ಮಾಡಬೇಡಿ ಅಂದರೆ ಯಾರೂ ಕೇಳುವುದಿಲ್ಲ, ನಾನು ಹೇಳಲೂ ಇಲ್ಲ. ಎತ್ತುವ ಮೊದಲು ನಮಗೊಂದು ಫೋನ್ ಮಾಡಿ, ಪಶುವೈದ್ಯರು, ಅರಣ್ಯದವರು ಬಂದು ಸುತ್ತಲೂ ಕೀಟನಾಶಕ ಹಾಕುವ ತನಕ ಹತ್ತಿರ ಹೋಗಬೇಡಿ, ಹಲಗಿ ದೂರದಿಂದ ಬಾರಿಸಿ ಅಂದೆ. ಅದನ್ನು ಒಪ್ಪಿದರು. ಜ್ವರದ ರಿಜಿಸ್ಟರಿನಲ್ಲಿ "ಊರಾಗ ಪ್ರಾಣಿ ಸತ್ತಾವೇನು?" ಎಂಬ ಕಾಲಂ ಸೇರಿತು.

ಅಷ್ಟಕ್ಕೂ ಪ್ರಾಣಿ ಸತ್ತರೆ ಎಚ್ಚರಾಗುವುದು ಹಿರಿಯರಿಗೆ ಹೊಸದಲ್ಲ. 1898ರಲ್ಲಿ ಹುಬ್ಬಳ್ಳಿಗೆ ಪ್ಲೇಗ್ ಬಂದಾಗ ಹಾಫ್‌ಕಿನ್ ಎಂಬ ವಿಜ್ಞಾನಿಯ ಪ್ಲೇಗ್ ಲಸಿಕೆಯನ್ನು ಸಾವಿರಾರು ಜನಕ್ಕೆ ಹಾಕಿದ್ದರು ಅನ್ನುವುದು ಇಲ್ಲಿ ಯಾರಿಗೂ ಗೊತ್ತಿಲ್ಲ. ಇಲಿ ಸತ್ತು ಬಿದ್ದರೆ ಮನೆ ಬಿಟ್ಟು ಹೊಲದಲ್ಲಿ ಗುಡಿಸಲು ಹಾಕುತ್ತಿದ್ದದ್ದು ಮಾತ್ರ ಅಜ್ಜಿಯರ ಬಾಯಲ್ಲಿ ಇವತ್ತಿಗೂ ಇದೆ.

ನಿಫಾ ಎಂಬ ವೈರಸ್ ಸೋಂಕಿನ ಕಥೆ ನಮ್ಮ ಆಸ್ಪತ್ರೆಯವರಿಗೆ. 2018ರಲ್ಲಿ ಕೇರಳದ ಕೋಳಿಕ್ಕೋಡ್ ವೈದ್ಯರಿಗೆ ಅನುಮಾನ ಬಂದದ್ದು, ಒಂದೇ ಮನೆಯ ಇನ್ನೊಬ್ಬರು ಅದೇ ಮೆದುಳು ಜ್ವರದಿಂದ ಬಂದಾಗ. ಮಾದರಿ ಮಣಿಪಾಲಕ್ಕೆ ಹೋಯಿತು, ವೈರಸ್ ಸಿಕ್ಕಿತು. ಅಷ್ಟರಲ್ಲಿ ಮೊದಲ ರೋಗಿಯಿಂದ ಆಸ್ಪತ್ರೆಯಲ್ಲೇ ಬೇರೆಯವರಿಗೆ ಹರಡಿಯಾಗಿತ್ತು. ಈಗ ನಮ್ಮಲ್ಲಿ ಜ್ವರ, ಕೆಮ್ಮು ಇದ್ದವರು ಚೀಟಿ ಸಾಲಿನಲ್ಲಿ ನಿಲ್ಲುವುದಿಲ್ಲ. ಹೊರಗಿನ ಬೇವಿನ ಮರದ ಕೆಳಗೆ ಅವರಿಗೆ ಬೆಂಚು. "ಮನ್ಯಾಗ ಮತ್ಯಾರಿಗರ ಹಿಂಗಾಗೇತೇನು?" ಅಂತ ನರ್ಸ್ ಮೊದಲು ಕೇಳುತ್ತಾರೆ. ಕೋವಿಡ್ ಕಥೆ ಯಾರಿಗೂ ಹೇಳಬೇಕಿರಲಿಲ್ಲ, ಮಾಸ್ಕ್ ಡಬ್ಬಿಯ ಕಪಾಟಿನ ಕೀಲಿ ರಾತ್ರಿ ಪಾಳಿಯವರ ಕೈಗೆ ಕೊಟ್ಟೆ, ಅಷ್ಟೆ.

ಮೊನ್ನೆ ಮಂಗ ಸತ್ತಿದೆ ಅಂತ ಒಂದು ಫೋನ್ ಬಂತು. ಹೋಗಿ ನೋಡಿದರೆ ಕರೆಂಟ್ ಹೊಡೆದದ್ದು. ಪಶುವೈದ್ಯರು ಗೊಣಗಿದರು, ಆಶಾ ನಾಚಿಕೊಂಡರು. "ಮುಂದಿನ ಸಲಾನೂ ಫೋನ್ ಮಾಡ್ರಿ ಅಕ್ಕಾರ" ಅಂದೆ.